ಪಾವಟಿಗೆ ಮುಚ್ಚಿದ ಬಾವಿ

ಇಂಡಿ ತಾಲ್ಲೂಕಿನ ನಮ್ಮ ಊರಿನ ಹಳೆಯ ಬಾವಿಗೆ ಪಾವಟಿಗೆಗಳಿವೆ, ಆದರೆ ಇಳಿಯಲು ಬರುವುದಿಲ್ಲ. ಇಳಿಯುವ ಬಾಯಿಗೆ ಕಲ್ಲಿನ ಗೋಡೆ ಕಟ್ಟಿದ್ದಾರೆ. ಅದರ ಪಕ್ಕದಲ್ಲಿ ಗಡಗಡಿ ಹಾಕಲೆಂದು ನೆಟ್ಟ ಕಬ್ಬಿಣದ ಕಂಬ ತುಕ್ಕು ಹಿಡಿದು ನಿಂತಿದೆ. ಮಕ್ಕಳು ಬೀಳಬಾರದೆಂದು ಕಟ್ಟಿದ ಗೋಡೆ ಅದು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಅದನ್ನು ಕಟ್ಟಿದ್ದು ಒಂದು ಹುಳುವಿನ ದಾರಿ ಮುಚ್ಚಲು ಎಂದು ಹೇಳಿದವರು, ಆರೋಗ್ಯ ಇಲಾಖೆಯಲ್ಲಿ ಸಹಾಯಕರಾಗಿ ದುಡಿದು ನಿವೃತ್ತರಾದ, ನಾನು ಕಾಕಾ ಎಂದು ಕರೆಯುವ ನಮ್ಮ ಓಣಿಯ ಹಿರಿಯರು.

ಅವರ ಬಳಿ ನಾನು ಹೋದದ್ದು ಬೇರೆಯೇ ವಿಷಯ ಕೇಳಲು. ಸಾರ್ವಜನಿಕ ಆರೋಗ್ಯದವರಿಗೆ ನಾಯಕತ್ವದ ತರಬೇತಿ ಎಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ನಗರದ ಸಭಾಂಗಣ, ಎರಡು ದಿನದ ಶಿಬಿರ, ಕೊನೆಗೆ ಪ್ರಮಾಣಪತ್ರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕುಗಳಲ್ಲಿ ಇಂಥದ್ದೊಂದು ಹಿಂದೆ ಎಂದಾದರೂ ನಡೆದಿತ್ತೇ ಎಂಬುದು ನನ್ನ ಪ್ರಶ್ನೆ. ಕಾಕಾ ನಕ್ಕರು. "ಲೀಡರಶಿಪ್ಪು ಅಂತ ಯಾರೂ ಹೇಳಲಿಲ್ಲ ಯವ್ವಾ. ನಾರುಹುಣ್ಣು ಹುಡಿಕ್ಕೊಂಡ ಬಾ ಅಂದ್ರು, ಹ್ವಾದ್ವಿ" ಎಂದರು.

ಅವರ ಉತ್ತರ ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1956ರವರೆಗೆ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು. ಅತ್ತ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆರೋಗ್ಯ ಘಟಕಗಳನ್ನು ತೆರೆಯಿತು. 1930ರ ದಶಕದಲ್ಲಿ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರ, ತರಬೇತಿಯ ಕೇಂದ್ರವಾಯಿತು. ಆರೋಗ್ಯದ ನೌಕರರು ಹಳ್ಳಿಯ ನಡುವೆಯೇ ಇದ್ದು ಕೆಲಸ ಕಲಿಯಬೇಕು ಎಂಬುದು ಅಲ್ಲಿನ ವಿಚಾರ. ಮುಂಬೈ ಪ್ರಾಂತದಲ್ಲಿಯೂ ಪ್ರಯೋಗಗಳು ನಡೆದವು. ಡಾ. ಡಿ.ಕೆ. ವಿಶ್ವನಾಥನ್ 1945-46ರ ಸುಮಾರಿಗೆ ಡಿಡಿಟಿ ಸಿಂಪಡಿಸಿ ಮಲೇರಿಯಾ ಹಿಡಿತಕ್ಕೆ ತರಬಹುದೆಂದು ತೋರಿಸಿದ್ದು ಧಾರವಾಡ ಮತ್ತು ಕೆನರಾ ಜಿಲ್ಲೆಗಳಲ್ಲಿ. ಅವು ಮಳೆ, ಕಾಡು, ಸೊಳ್ಳೆ ಇದ್ದ ಜಿಲ್ಲೆಗಳು. ವಿಜಾಪುರವಾದರೋ ಬರದ ಜಿಲ್ಲೆ. ಸರಕಾರಕ್ಕೆ ನಮ್ಮ ನೆನಪಾಗುತ್ತಿದ್ದದ್ದು ಬರ ಬಿದ್ದಾಗ. ಆಗ ಕಲೆಕ್ಟರರು ಬರುತ್ತಿದ್ದರು, ಮಾಮಲೇದಾರರು ಬರುತ್ತಿದ್ದರು. ಆರೋಗ್ಯವೆಂಬುದು ಬರಪರಿಹಾರದ ಒಂದು ಬಾಲಂಗೋಚಿ.

1946ರ ಭೋರ್ ಸಮಿತಿಯ ವರದಿ, ವೈದ್ಯನಾಗುವವನಿಗೆ ಮೂರು ತಿಂಗಳು ರೋಗತಡೆ ಮತ್ತು ಸಾಮಾಜಿಕ ವೈದ್ಯದ ತರಬೇತಿ ಕೊಡಬೇಕು, ಅವನು ಸಮಾಜದ ವೈದ್ಯನಾಗಬೇಕು ಎಂದಿತು. ಒಳ್ಳೆಯ ಮಾತು. ಆದರೆ ನಮ್ಮ ಕಡೆ ದವಾಖಾನೆಯ ವೈದ್ಯರು ವೈದ್ಯರಾಗಿಯೇ ಉಳಿದರು, ಸೇವಾಹಿರಿತನದ ಮೇಲೆ ಅಧಿಕಾರಿಗಳಾದರು. ಊರ ನೀರನ್ನು ನೋಡುವುದು ತಮ್ಮ ಕೆಲಸವೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಸಂಕಟವೆಲ್ಲ ಇದ್ದದ್ದು ಆ ನೀರಿನಲ್ಲಿಯೇ. ಡೋಣಿ ಹೊಳೆಯ ದಂಡೆಯ ಎರಿ ನೆಲ ಜೋಳ ಬೆಳೆಯುತ್ತದೆ, ಹೊಳೆಯ ನೀರು ಮಾತ್ರ ಉಪ್ಪು. ಸಿಹಿನೀರಿನ ಬಾವಿ ಊರಿಗೊಂದು ಸಿಕ್ಕರೆ ಪುಣ್ಯ. ಕಲ್ಲಿನ ಪಾವಟಿಗೆಗಳಲ್ಲಿ ಇಳಿದು, ನೀರಿನಲ್ಲಿ ಕಾಲಿಟ್ಟು, ಕೊಡ ಮುಳುಗಿಸಿ ತರುವ ಬಾವಿಗಳು ಅವು. ವಿಜಾಪುರದ ತಾಜ್ ಬಾವಡಿ, ಚಾಂದ್ ಬಾವಡಿಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಹಳ್ಳಿಯ ಪಾವಟಿಗೆ ಬಾವಿಗಳು ಅವುಗಳ ಬಡ ತಂಗಿಯರು.

ನಾರುಹುಳುವಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿರಲಿಲ್ಲ. ನೀರಿನಲ್ಲಿರುವ ಸೈಕ್ಲೋಪ್ಸ್ ಎಂಬ ಕಣದಷ್ಟು ಚಿಕ್ಕ ಜೀವಿಯೊಳಗೆ ಇದರ ಮರಿಗಳು ಇರುತ್ತವೆ. ಆ ನೀರು ಕುಡಿದವರ ಮೈಯಲ್ಲಿ ಹೆಣ್ಣುಹುಳು ಹತ್ತಿರಹತ್ತಿರ ಒಂದು ವರ್ಷ ಸದ್ದಿಲ್ಲದೆ ಬೆಳೆದು, ಎರಡು-ಮೂರು ಅಡಿ ಉದ್ದವಾಗಿ, ಹೆಚ್ಚಾಗಿ ಮೊಣಕಾಲಿನ ಕೆಳಗೆ ಬೊಬ್ಬೆ ಎಬ್ಬಿಸಿ ಹೊರಬರುತ್ತದೆ. ಬೊಬ್ಬೆ ಉರಿಯುತ್ತದೆ. ಉರಿ ತಣಿಯಲಿ ಎಂದೋ, ನೀರು ತರಲೆಂದೋ ಆ ಮನುಷ್ಯ ಬಾವಿಗೆ ಇಳಿದರೆ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಅಲ್ಲಿಗೆ ಚಕ್ರ ಪೂರ್ತಿಯಾಯಿತು. ಇದಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯುತ್ತ ಹೋಗಬೇಕು. ನಡುವೆ ಹರಿದರೆ ಕಾಲು ಬಾತು ಕೀವಾಗುತ್ತದೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಇದರ ಹಾವಳಿ ಹೆಚ್ಚು. ಮುಂಗಾರು ಬಿತ್ತನೆಯ ಹೊತ್ತಿಗೆ ಕೂರಿಗೆ ಹಿಡಿಯಬೇಕಾದವನು ಹೊರಸಿನ ಮೇಲೆ ಬಿದ್ದಿರುತ್ತಿದ್ದ. ನಮ್ಮ ಅಜ್ಜಿಯ ಕಾಲಿನ ಮೇಲೆ ಅಂಥದ್ದೊಂದು ಕಲೆ ಇತ್ತು. ಕೇಳಿದರೆ "ನಾರು ಆಗಿತ್ತು" ಎನ್ನುತ್ತಿದ್ದಳು, ಮಳೆ ಬಂದಿತ್ತು ಎನ್ನುವ ಹಾಗೆ.

1983-84ರಲ್ಲಿ ಭಾರತ ಸರಕಾರ ನಾರುಹುಳು ನಿರ್ಮೂಲನೆಯ ಕಾರ್ಯಕ್ರಮ ಶುರುಮಾಡಿತು. ದಿಲ್ಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಗೆ ಇದರ ಹೊಣೆ. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 40,000 ರೋಗಿಗಳು ಲೆಕ್ಕಕ್ಕೆ ಸಿಗುತ್ತಿದ್ದರು. ಕರ್ನಾಟಕದಲ್ಲಿ ರೋಗ ಬೇರೂರಿದ್ದ ಉತ್ತರದ ಜಿಲ್ಲೆಗಳಲ್ಲಿ ಅಂದಿನ ಅಖಂಡ ವಿಜಾಪುರವೂ ಒಂದು. ತರಬೇತಿ ದಿಲ್ಲಿಯಿಂದ ರಾಜ್ಯಕ್ಕೆ, ಜಿಲ್ಲೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಊರೂರು ಸುತ್ತುವ ಸಹಾಯಕ ಸಹಾಯಕಿಯರಿಗೆ ಇಳಿಯಿತು. ಹೀಗೆ ಮೇಲಿನಿಂದ ಇಳಿದು ಬರುವ ತರಬೇತಿ ಸಾಮಾನ್ಯವಾಗಿ ಕೆಳಗೆ ಮುಟ್ಟುವ ಹೊತ್ತಿಗೆ ನೀರಾಗಿರುತ್ತದೆ. ಇದು ಹಾಗಾಗಲಿಲ್ಲ. ಏಕೆಂದರೆ ಕಲಿಸಿದ್ದು ಸ್ವಲ್ಪ, ಮಾಡಿಸಿದ್ದು ಬಹಳ.

ಕಾಕಾ ಕಲಿತದ್ದನ್ನು ಹೀಗೆ ಹೇಳಿದರು. ಗಾಜಿನ ಬಾಟಲಿಯಲ್ಲಿ ಬಾವಿಯ ನೀರು ತುಂಬಿ ಬಿಸಿಲಿಗೆ ಹಿಡಿಯಬೇಕು. ಬಿಳಿಯ ಚುಕ್ಕೆಗಳು ಜಿಗಿದಾಡುವುದು ಕಾಣುತ್ತದೆ. ಅದನ್ನು ಊರವರ ಕೈಗೆ ಕೊಡಬೇಕು, ಭಾಷಣ ಮಾಡಬಾರದು. ಆಮೇಲೆ ಬಟ್ಟೆಯನ್ನು ಎರಡು ಪದರು ಮಾಡಿ ನೀರು ಸೋಸಿ ತೋರಿಸಬೇಕು. ವರ್ಷದಲ್ಲಿ ಗೊತ್ತುಮಾಡಿದ ತಿಂಗಳುಗಳಲ್ಲಿ ಮನೆಮನೆಗೆ ಹೋಗಿ ಯಾರಿಗೆ ಹುಳು ಬಂದಿದೆ ಎಂದು ಕೇಳಬೇಕು. ಬಾವಿಯಲ್ಲಿರುವ ನೀರು ಎಷ್ಟೆಂದು ಅಳೆದು, ಅದಕ್ಕೆ ತಕ್ಕಷ್ಟು ಟೆಮಿಫಾಸ್ ಎಂಬ ಔಷಧ ಹಾಕಬೇಕು. ಪಾವಟಿಗೆ ಬಾವಿಯನ್ನು ಸೇದುವ ಬಾವಿಯಾಗಿ ಮಾಡಿಸಬೇಕು.

ಕೊನೆಯದು ಹೇಳಿದಷ್ಟು ಸುಲಭವಲ್ಲ. ಬಾವಿ ಎಂದರೆ ಗಂಗವ್ವ. ಮದುವೆಯಾದ ಹೆಣ್ಣು ಮೊದಲು ಪೂಜೆಗೆ ಬರುವ ಜಾಗ. ಅದರ ಬಾಯಿಗೆ ಗೋಡೆ ಕಟ್ಟುವುದೆಂದರೆ! ಔಷಧ ಹಾಕಲು ಹೋದರೆ ವಿಷ ಹಾಕುತ್ತಾರೆ ಎಂಬ ಕೂಗು. "ನಾನ ಮೊದಲ ಕುಡದೆ, ನಮ್ಮ ಡಾಕ್ಟರ ಸಾಹೇಬರೂ ಕುಡದ್ರು. ಮರುದಿನ ಊರವ್ರು ನಾವು ಬದುಕೀವೋ ಇಲ್ಲೋ ಅಂತ ನೋಡಾಕ ಬಂದಿದ್ರು" ಎಂದರು ಕಾಕಾ. ಇನ್ನೊಂದು ತೊಡಕು, ಅವರು ದನಿ ಇಳಿಸಿ ಹೇಳಿದ್ದು, ಜಾತಿಯದು. ಪಾವಟಿಗೆ ಇಳಿಯಲು ಎಲ್ಲರಿಗೂ ಹಕ್ಕಿರಲಿಲ್ಲ. ಮೇಲಿನವರು ಕೊಡಕ್ಕೆ ಸುರಿದಷ್ಟು ನೀರು ಒಯ್ಯಬೇಕಾದವರೂ ಇದ್ದರು. ಸೇದುವ ಬಾವಿಯಾದರೆ ಹಗ್ಗ ಯಾರು ಮುಟ್ಟಬೇಕು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ರೋಗದ ಹೆಸರಿನಲ್ಲಿ ಊರ ಚಾವಡಿಯಲ್ಲಿ ಕುಳಿತು ಆ ಮಾತು ಎತ್ತಬೇಕಾದವನು ಕಡಿಮೆ ಸಂಬಳದ ಒಬ್ಬ ಆರೋಗ್ಯ ಸಹಾಯಕ. ಎಲ್ಲ ಊರಲ್ಲಿಯೂ ಅದು ಬಗೆಹರಿಯಲಿಲ್ಲ. ಕೆಲವೆಡೆ ಗೋಡೆ ಎದ್ದಿತು, ಹಗ್ಗಗಳು ಎರಡಾದವು ಎಂದು ಕಾಕಾ ಮುಚ್ಚುಮರೆಯಿಲ್ಲದೆ ಒಪ್ಪಿದರು.

ಇಲ್ಲಿಯೇ ನನಗೆ ತರಬೇತಿಯ ಗುಟ್ಟು ಕಂಡದ್ದು. ಅವರಿಗೆ ಕೊಟ್ಟದ್ದು ಮೂರು: ಹೆಸರು ಹಿಡಿದು ಹೇಳಬಹುದಾದ ಒಂದು ರೋಗ, ತನ್ನದೆನ್ನುವ ಒಂದಷ್ಟು ಊರುಗಳು, ಮತ್ತು ಏನನ್ನಾದರೂ ಬದಲಿಸುವ ಅಧಿಕಾರ. ಈ ಮೂರನೆಯದು ಬಂದದ್ದು 1986ರ ಕುಡಿಯುವ ನೀರಿನ ತಂತ್ರಜ್ಞಾನ ಮಿಷನ್‌ನಿಂದ. ನಾರುಹುಳು ನಿರ್ಮೂಲನೆ ಅದರ ಒಂದು ಅಂಗವಾಗಿತ್ತು. ಹುಳು ಕಂಡ ಊರಿಗೆ ಸುರಕ್ಷಿತ ನೀರು ಮೊದಲು ಎಂಬುದು ನಿಯಮ. ಹೀಗಾಗಿ ಕಾಕಾ ಬರೆದ ಒಂದು ಚೀಟಿ ಇಂಜಿನಿಯರರ ಮೇಜಿನವರೆಗೆ ಹೋಗಿ ಬೋರಿಂಗ್ ಆಗಿ ಹಿಂದಿರುಗುತ್ತಿತ್ತು. ಸಹಾಯಕನ ಬರಹಕ್ಕೆ ಅಷ್ಟು ಬೆಲೆ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ದುಡಿಯಲು ಮಹಾರಾಷ್ಟ್ರಕ್ಕೋ ಗೋವೆಗೋ ಹೋದವರ ಲೆಕ್ಕ ಇಡುವುದೂ ಅವರ ಪಾಲಿಗೆ ಬಂತು. ಈ ವರ್ಷ ಕುಡಿದ ನೀರಿನ ಹುಳು ಬರುವ ವರ್ಷ ಇನ್ನೆಲ್ಲೋ ಹೊರಬರುತ್ತದೆ. ಆದ್ದರಿಂದ ರೋಗಿಯನ್ನು ಕಂಡರೆ ಸಾಲದು, ಹೋದ ವರ್ಷ ಅವನು ಯಾವ ಬಾವಿಯ ನೀರು ಕುಡಿದ ಎಂದು ಕೇಳಬೇಕು. ಇದು ಪುಸ್ತಕದ ಭಾಷೆಯಲ್ಲಿ ಸಾಂಕ್ರಾಮಿಕ ಶಾಸ್ತ್ರ. ಕಾಕಾನ ಭಾಷೆಯಲ್ಲಿ "ಬ್ಯಾರು ಹಿಡದು ಹೋಗೂದು".

1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದೇಶದ ಕೊನೆಯ ರೋಗಿ ಕಂಡ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಳುಮುಕ್ತ ಎಂದು ಸಾರಿತು. ಪೂರ್ತಿ ಶ್ರೇಯಸ್ಸನ್ನು ಸಹಾಯಕರಿಗೇ ಕಟ್ಟುವುದು ತಪ್ಪಾದೀತು. ಬೋರಿಂಗ್‌ಗಳು ಹೇಗೂ ಬರುತ್ತಿದ್ದವು. ಆದರೆ ಬೋರಿಂಗ್ ಬಂದ ಊರಲ್ಲಿಯೂ ಸಿಹಿನೀರೆಂದು ಜನ ಹಳೆಯ ಬಾವಿಗೇ ಇಳಿಯುತ್ತಿದ್ದರು. ಅವರನ್ನು ತಡೆದದ್ದು ಗೋಡೆ, ಗೋಡೆ ಕಟ್ಟಿಸಿದ್ದು ಮನುಷ್ಯರು.

ಆಮೇಲೇನಾಯಿತು? ಕಾರ್ಯಕ್ರಮ ಮುಗಿಯಿತು, ಕಲಿತವರು ಚದುರಿದರು. ಅವರು ಕಲಿತದ್ದನ್ನು ಯಾರೂ ಬರೆದಿಡಲಿಲ್ಲ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಸರಕಾರಕ್ಕೆ ವರದಿ ಕೊಟ್ಟಾಗ, ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನು ರಾಜ್ಯದ ದೊಡ್ಡ ಕೊರತೆಗಳಲ್ಲಿ ಎಣಿಸಿತು. ಮರುವರ್ಷ ಬಂದ ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದಿತು. ನಮ್ಮ ನಾಲ್ಕೂ ಆ ಪಟ್ಟಿಯಲ್ಲಿದ್ದವು. (ಈಗ ಅವು ನಾಲ್ಕೇ ಅಲ್ಲ, ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂದು ಒಡೆದಿವೆ. ಕಚೇರಿಗಳು ಹೆಚ್ಚಿವೆ.)

2009ರ ಸುಮಾರಿಗೆ ತುಮಕೂರಿನಲ್ಲಿ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ಆರೋಗ್ಯ ಅಧಿಕಾರಿಗಳಿಗೆ ಆಡಳಿತ ಸಾಮರ್ಥ್ಯದ ತರಬೇತಿ ನಡೆಯಿತು. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅದರಲ್ಲಿ ಪಾಲುಗೊಂಡಿತ್ತು. ಅದರ ಅಧ್ಯಯನ ಹೇಳಿದ ಮಾತು ನನಗೆ ಇಷ್ಟ: ಒಂದೇ ತರಬೇತಿ, ಆದರೆ ಫಲ ತಾಲ್ಲೂಕಿಗೊಂದು ಬಗೆ. ಕಲಿತದ್ದನ್ನು ಮಾಡಿನೋಡಲು ಎಡೆ ಇದ್ದಲ್ಲಿ ಕೆಲಸ ಕಂಡಿತು, ಇಲ್ಲದಲ್ಲಿ ಇಲ್ಲ. ನಮ್ಮ ಜಿಲ್ಲೆಗೆ ಅದೇ ಕಾಲದಲ್ಲಿ ಬಂದದ್ದು, ಉತ್ತರದ ಎಂಟು ಜಿಲ್ಲೆಗಳಲ್ಲಿ ತಾಯಿ ಮಕ್ಕಳ ಆರೋಗ್ಯಕ್ಕಾಗಿ ನಡೆದ 'ಸುಕ್ಷೇಮ' ಯೋಜನೆ. ಅದರಲ್ಲಿ ನರ್ಸ್‌ಗಳನ್ನೇ ಮಾರ್ಗದರ್ಶಿಗಳನ್ನಾಗಿ ತಯಾರುಮಾಡಿ ಆರೋಗ್ಯ ಕೇಂದ್ರಗಳಿಗೆ ಕಳಿಸುವ ಪ್ರಯೋಗ ಮಾಡಿದರು. ಹೆರಿಗೆ ಕೋಣೆಯಲ್ಲಿ ಪಕ್ಕ ನಿಂತು ಕಲಿಸುವ ಇನ್ನೊಬ್ಬ ನರ್ಸ್, ಸಭಾಂಗಣದಲ್ಲಿ ಪರದೆಯ ಮೇಲೆ ಚಿತ್ರ ತೋರಿಸುವ ತಜ್ಞರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾಳೆ ಎಂದೇ ನನ್ನ ನಂಬಿಕೆ. ಅದು ಬಾಟಲಿಯ ನೀರನ್ನು ಬಿಸಿಲಿಗೆ ಹಿಡಿದ ಪಾಠದ ಮೊಮ್ಮಗಳು.

ಬಿಡುವಾಗ ಕಾಕಾ ಬಾಗಿಲವರೆಗೆ ಬಂದರು. ಪಕ್ಕದ ಮನೆಯ ಹುಡುಗ ಬೋರಿಂಗ್ ಜಗ್ಗುತ್ತ ನಮ್ಮನ್ನು ನೋಡಿ ನಕ್ಕ. ಅವನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ನಮ್ಮ ಜಿಲ್ಲೆಯ ಹಲವು ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹುಳು ಹೋಗಲೆಂದು ತಂದ ನೀರು ಅದು. ಕಾಕಾ ಹುಡುಗನ ಗದ್ದ ಹಿಡಿದು, ಬಿಸಿಲಿಗೆ ಮುಖ ತಿರುಗಿಸಿ, ಹಲ್ಲು ನೋಡಿದರು. "ನಿಮ್ಮ ಮನ್ಯಾಗ ಇನ್ನ ಯಾರ್‍ಯಾರಿಗೆ ಹಿಂಗ ಐತಪಾ?" ಎಂದು ಕೇಳತೊಡಗಿದರು.