ಹೊಸ್ತಿಲು ತಗ್ಗಿಸಿದ ಮನೆ

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ನಮ್ಮ ಅಜ್ಜಿಯ ಮನೆ. ಓಣಿಯಿಂದ ಕಟ್ಟೆಗೆ ಮೂರು ಮೆಟ್ಟಿಲು, ಅಲ್ಲಿಂದ ಒಳಗೆ ಹೋಗಲು ಗೇಣೆತ್ತರದ ಹೊಸ್ತಿಲು, ಬಚ್ಚಲಿಗೆ ಮತ್ತೆ ಎರಡು ಮೆಟ್ಟಿಲು ಇಳಿಯಬೇಕು. ಅರವತ್ತು ವರ್ಷ ಅಜ್ಜಿ ಇವನ್ನೆಲ್ಲ ಕೊಡ ಹೊತ್ತೇ ದಾಟಿದಳು. ಸೊಂಟದ ಎಲುಬು ಮುರಿದ ಮೇಲೆ ಅಷ್ಟು ದೊಡ್ಡ ಮನೆ ಅವಳ ಪಾಲಿಗೆ ಬರೀ ಪಡಸಾಲೆಯಾಯಿತು.

ಈ ಏರುತಗ್ಗುಗಳನ್ನು ಹಿರಿಯರು ವಿನಾಕಾರಣ ಕಟ್ಟಲಿಲ್ಲ. ಧಾರವಾಡ ಸೀಮೆಯ ಒಕ್ಕಲುತನದ ಮನೆಗಳಲ್ಲಿ ದನ, ಜನ ಒಂದೇ ಮಾಳಿಗೆಯ ಕೆಳಗಿದ್ದರು. ತಲಬಾಗಿಲು ದಾಟಿದರೆ ತಗ್ಗಿನಲ್ಲಿ ಎತ್ತುಗಳು, ಅವುಗಳ ಗ್ವಾದಲಿ; ಅದಕ್ಕಿಂತ ಎತ್ತರದಲ್ಲಿ ಮನೆಮಂದಿಯ ವಾಸ. ಗಂಜಲ ಮೇಲೇರಬಾರದಲ್ಲ! ಹೊಸ್ತಿಲು ಮಳೆನೀರನ್ನೂ ಹುಳಹುಪ್ಪಡಿಯನ್ನೂ ತಡೆಯಿತು. ಲಕ್ಷ್ಮಿಯ ನೆಲೆಯೆಂದು ಅರಿಷಿಣ ಕುಂಕುಮವನ್ನೂ ಪಡೆಯಿತು. ಎತ್ತು ನಿಲ್ಲುವಲ್ಲಿ ನೆಲ ಸಪಾಟು, ಮುದುಕರು ಓಡಾಡುವಲ್ಲಿ ಮೆಟ್ಟಿಲು ಎಂಬುದು ವಿಚಿತ್ರವೇ ಸರಿ. ಪೇಟೆಯ ಮನೆಗಳಿಂದ ದನಗಳು ಹೋದವು. ತಗ್ಗಿನಲ್ಲಿ ಈಗ ಸ್ಕೂಟರ್ ನಿಲ್ಲುತ್ತದೆ. ಮೆಟ್ಟಿಲುಗಳು ಮಾತ್ರ ಉಳಿದವು.

ಕಟ್ಟಡವು ಗಟ್ಟಿಮುಟ್ಟಾದವರಿಗಷ್ಟೇ ಏಕೆ ಎಂದು ಕೇಳಿದವರಲ್ಲಿ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಒಬ್ಬರು. ಒಂಬತ್ತನೇ ವಯಸ್ಸಿಗೆ ಪೋಲಿಯೊ ತಗಲಿದ ಅವರನ್ನು ಕಾಲೇಜಿನ ಮೆಟ್ಟಿಲುಗಳ ಮೇಲೆ ಬೇರೆಯವರು ಎತ್ತಿಕೊಂಡು ಹೋಗಬೇಕಾಗಿತ್ತು. 1985ರಲ್ಲಿ ಅವರು 'ಯೂನಿವರ್ಸಲ್ ಡಿಸೈನ್' ಎಂಬ ಮಾತನ್ನು ಮುಂದಿಟ್ಟರು. ಅಂಗವಿಕಲರಿಗೆಂದು ಬೇರೆ ಬಾಗಿಲು ಬೇಡ, ಎಲ್ಲರಿಗೂ ಆಗುವ ಒಂದೇ ಬಾಗಿಲಿರಲಿ ಎಂಬುದು ಅದರ ತಿರುಳು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಈ ಮಾತು ಸೇರಿದೆ. ಅವಳಿನಗರದವರು ಇದನ್ನು ಕಣ್ಣಾರೆ ಕಂಡದ್ದು 2018ರಲ್ಲಿ ಓಡಾಟ ಆರಂಭಿಸಿದ 'ಚಿಗರಿ' ಬಸ್ಸಿನಲ್ಲಿ. ನಿಲ್ದಾಣದ ನೆಲ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ. ಕಾಲಿಲ್ಲದವರಿಗಷ್ಟೇ ಅಲ್ಲ, ಕೂಸನ್ನು ಎತ್ತಿಕೊಂಡವರಿಗೂ ಸಂತೆಯ ಚೀಲ ಹಿಡಿದವರಿಗೂ ಇದು ಹಗುರ.

ಹಳೆಯ ಮನೆಯಲ್ಲಿ ಇದನ್ನು ತರುವುದು ಅಷ್ಟು ಸಲೀಸಲ್ಲ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಒಪ್ಪಿತ ಲೆಕ್ಕ. ನಮ್ಮ ಕಟ್ಟೆ ಒಂದೂವರೆ ಅಡಿ. ಅಂದರೆ ಹದಿನೆಂಟು ಅಡಿ. ಓಣಿಯ ಅಗಲವೇ ಎಂಟಡಿ! ಹಿತ್ತಲ ಬಾಗಿಲಿನಿಂದ ದಾರಿ ಮಾಡೋಣವೆಂದರೆ ಹಿತ್ತಲು ಎಂದೋ ಪಾಲಾಗಿ ಹೋಗಿದೆ.

ಆದದ್ದು ಇಷ್ಟು: ಬಚ್ಚಲಿನ ನೆಲ ಏರಿಸಿ, ನುಣುಪು ಟೈಲ್ಸ್ ಬಿಟ್ಟು, ಕಾಲು ಜಾರದ ಒರಟು ಶಹಾಬಾದ್ ಕಲ್ಲು ಹಾಸಿದೆವು, ಗೋಡೆಗೆ ಹಿಡಿಕೆ ಕೂಡಿಸಿದೆವು. ತಂಟೆಯೆದ್ದದ್ದು ಹೊಸ್ತಿಲಿನದು. ತೆಗೆಯಕೂಡದೆಂದು ಕಾಕಾ ಹಟ ಹಿಡಿದರು. ಅದೇ ಕಟ್ಟಿಗೆಯನ್ನು ನೆಲದಲ್ಲಿ ಹುಗಿದು ಅರ್ಧ ಇಂಚು ಮಾತ್ರ ಮೇಲೆ ಬಿಡೋಣವೆಂದು ಗೌಂಡಿ ದಾರಿ ತೋರಿಸಿದ. "ಲಕ್ಷ್ಮಿ ಒಳಗ ಬರಾಕಿ ಅಲ್ಲೇನೋ? ಆಕಿಗ್ಯಾಕ ಅಡ್ಡಗ್ವಾಡಿ?" ಎಂದಳು ಅಜ್ಜಿ. ಕಾಕಾ ಸುಮ್ಮನಾದರು.

ಈಗ ಅಜ್ಜಿ ವಾಕರ್ ಹಿಡಿದು ಸಂಜೆ ಕಟ್ಟೆಯವರೆಗೆ ಬರುತ್ತಾಳೆ, ಹೋಗಿಬರುವವರನ್ನು ಮಾತನಾಡಿಸುತ್ತಾಳೆ. ಓಣಿಗೆ ಇಳಿಯುವ ಆ ಮೂರು ಮೆಟ್ಟಿಲು ಇನ್ನೂ ಹಾಗೇ ಇವೆ.