ಗರ್ಭದಲ್ಲಿ ಮೊದಲಾಗುವ ಗಡಿಯಾರ

ನವಜಾತ ಶಿಶುವಿಗೆ ಹಗಲಿರುಳೆಂಬ ಭೇದವಿಲ್ಲವೆಂಬುದು ಎಲ್ಲ ಮನೆಗಳ ಅನುಭವ. ಕೆಲವು ತಿಂಗಳುಗಳು ಕಳೆದ ಮೇಲೆಯೇ ಅದರ ಇರುಳಿನ ನಿದ್ರೆಯು ನೆಲೆಗೊಳ್ಳುವುದು. ಇದನ್ನು ಕಂಡವರು, ಕಾಲದ ಅರಿವೆಂಬುದು ಬೆಳಕನ್ನು ನೋಡುತ್ತ ನೋಡುತ್ತ ಮಗು ಕಲಿತುಕೊಳ್ಳುವ ಪಾಠವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆ ಭಾವನೆಯು ಬಿದ್ದುಹೋದ ಬಗೆಯು ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದ ಒಂದು ಸ್ವಾರಸ್ಯಕರವಾದ ಅಧ್ಯಾಯ.

ಜರ್ಮನಿಯ ಯೂರ್ಗೆನ್ ಆಶೋಫ್ ಎಂಬ ವಿಜ್ಞಾನಿಯು ಚಿಟ್ಟಿಲಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಗಲಿರುಳಿನ ವ್ಯತ್ಯಾಸವಿಲ್ಲದ ಸ್ಥಿತಿಯಲ್ಲಿ ಸಾಕಿ, 1955ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಸೂರ್ಯೋದಯವನ್ನೇ ಕಾಣದ ವಂಶದ ಮರಿಗಳೂ ಸುಮಾರು 24 ಗಂಟೆಗಳ ಲಯವನ್ನೇ ಅನುಸರಿಸುತ್ತಿದ್ದವು. ಹಾಗಾದರೆ ಲಯವು ಕಲಿತದ್ದಲ್ಲ, ಹುಟ್ಟಿನೊಡನೆ ಬಂದದ್ದು. ಅದರ ಸ್ಥಾನವಾವುದೆಂಬುದು 1972ರಲ್ಲಿ ತಿಳಿದುಬಂದಿತು. ಅಮೆರಿಕದಲ್ಲಿ ಮೂರ್ ಮತ್ತು ಐಕ್ಲರ್ ಒಂದೆಡೆ, ಸ್ಟೆಫಾನ್ ಮತ್ತು ಜೂಕರ್ ಇನ್ನೊಂದೆಡೆ, ಪ್ರತ್ಯೇಕವಾಗಿ ಒಂದೇ ನಿರ್ಣಯಕ್ಕೆ ಬಂದರು: ಮಿದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಎಡೆಗೆ ತುಸು ಮೇಲೆ, ಒಂದು ಜೋಡಿ ನರಕೋಶಗಳ ಗೊಂಚಲಿದೆ, ಅದನ್ನು ನಾಶಪಡಿಸಿದರೆ ಇಲಿಯ ದಿನಚರಿಯೇ ಚೆದರಿಹೋಗುತ್ತದೆ. ಇಲಿಯಲ್ಲಿ ಈ ಜೋಡಿಯ ಕೋಶಗಳು ಎಲ್ಲ ಸೇರಿ ಸುಮಾರು 20,000 ಮಾತ್ರ.

ಆದರೆ ಈ ಗಡಿಯಾರವು ನಡೆಯತೊಡಗುವುದು ಯಾವಾಗ? ಭ್ರೂಣವು ಓಡುವುದಿಲ್ಲ, ನೀರು ಕುಡಿಯುವುದಿಲ್ಲ. ಅದರ ಗಂಟೆಯನ್ನು ಓದುವುದೆಂತು? ಸ್ಟೀವನ್ ರೆಪರ್ಟ್ ಮತ್ತು ವಿಲಿಯಂ ಶ್ವಾರ್ಟ್ಸ್ 1983ರಲ್ಲಿ ಇದಕ್ಕೊಂದು ಜಾಣ ಉಪಾಯವನ್ನು ಬಳಸಿದರು. ವಿಕಿರಣವನ್ನು ಸೂಸುವ ಒಂದು ಬಗೆಯ ಸಕ್ಕರೆಯನ್ನು ಗರ್ಭಿಣಿ ಇಲಿಗೆ ಚುಚ್ಚಿದರು. ದುಡಿಯುವ ಕೋಶವು ಹೆಚ್ಚು ಸಕ್ಕರೆಯನ್ನು ಹೀರುತ್ತದೆ. ಭ್ರೂಣದ ಮಿದುಳಿನ ತೆಳುವಾದ ಪದರಗಳನ್ನು ಫಿಲ್ಮಿನ ಮೇಲಿಟ್ಟರೆ ಅಂತಹ ಕೋಶಗಳಿರುವೆಡೆಯು ಕಪ್ಪಾಗಿ ಮೂಡುತ್ತದೆ. ಆ ಪುಟ್ಟ ಗೊಂಚಲು ಹಗಲಿನಲ್ಲಿ ಕಪ್ಪಾಗಿಯೂ ಇರುಳಿನಲ್ಲಿ ಮಸುಕಾಗಿಯೂ ಕಂಡಿತು, ತಾಯಿಯ ಮಿದುಳಿನಲ್ಲಿ ಇರುವಂತೆಯೇ! ಜಾತಕ ಬರೆಯುವವರು ಜನನದ ಗಳಿಗೆಯಿಂದ ಲೆಕ್ಕವನ್ನು ಹಿಡಿಯುತ್ತಾರೆ. ಈ ಗಡಿಯಾರದ ಲೆಕ್ಕವಾದರೋ ಅದಕ್ಕೆ ಮುಂಚೆಯೇ ಆರಂಭವಾಗಿರುತ್ತದೆ. ಆಗಿನ್ನೂ ಕೋಶಕೋಶಗಳ ನಡುವಣ ಸಂಪರ್ಕಗಳು ಬಹಳ ವಿರಳ. ಕಣ್ಣಿನಿಂದ ಬರುವ ನರಗಳು ಅಲ್ಲಿ ನೆಲೆಯೂರುವುದು ಇಲಿಮರಿ ಹುಟ್ಟಿದ ಮೇಲೆ.

ಅಂದಮೇಲೆ ಗರ್ಭಕ್ಕೆ ಹೊತ್ತನ್ನು ತಿಳಿಸುವವಳು ತಾಯಿ. ತಾಯಿಯ ಗೊಂಚಲನ್ನು ನಾಶಪಡಿಸಿದಾಗ ಆ ಹೊಂದಾಣಿಕೆಯು ತಪ್ಪಿತೆಂದು 1986ರಲ್ಲಿ ಸಿದ್ಧವಾಯಿತು. ಇಲ್ಲೊಂದು ಸೂಕ್ಷ್ಮವಿದೆ. ಹ್ಯಾಮ್‌ಸ್ಟರ್ ಎಂಬ ಪ್ರಾಣಿಯಲ್ಲಿ ಅಂತಹ ತಾಯಿಯ ಮರಿಗಳಿಗೆ ಲಯವೇನೋ ಇತ್ತು. ಒಂದರ ಲಯಕ್ಕೂ ಇನ್ನೊಂದರ ಲಯಕ್ಕೂ ತಾಳಮೇಳವಿರಲಿಲ್ಲ, ಅಷ್ಟೆ. ಗಡಿಯಾರವನ್ನು ಮಾಡುವವಳು ತಾಯಿಯಲ್ಲ, ಮುಳ್ಳನ್ನು ಸರಿಪಡಿಸುವವಳು ಮಾತ್ರ. 1990ರಲ್ಲಿ ರಾಲ್ಫ್, ಮೆನೇಕರ್ ಮೊದಲಾದವರು ಇದಕ್ಕೆ ಪುಷ್ಟಿಯನ್ನಿತ್ತರು. ಹುಟ್ಟಿನಿಂದಲೇ 20 ಗಂಟೆಗಳ ದಿನವುಳ್ಳ ತಳಿಯ ಭ್ರೂಣದಿಂದ ಆ ಗೊಂಚಲನ್ನು ತೆಗೆದು, ತನ್ನದನ್ನು ಕಳೆದುಕೊಂಡ ಬೇರೊಂದು ಹ್ಯಾಮ್‌ಸ್ಟರಿಗೆ ನಾಟಿದಾಗ, ಪಡೆದ ಪ್ರಾಣಿಯು ದಾನಿಯ ದಿನವನ್ನೇ ಬಾಳತೊಡಗಿತು.

ಜನನಾನಂತರವೂ ತಾಯಿಯ ಪಾತ್ರವು ಮುಗಿಯುವುದಿಲ್ಲವೆಂಬುದಕ್ಕೆ ಸಾಕ್ಷಿಯು ನಮ್ಮ ದೇಶದಿಂದಲೇ ಒದಗಿತು. ಮಧುರೆಯಲ್ಲಿ ವಿಶ್ವನಾಥನ್ ಮತ್ತು ಎಂ. ಕೆ. ಚಂದ್ರಶೇಖರನ್ ಅವರು ಹೊಲದ ಚಿಟ್ಟಿಲಿಯ ಮರಿಗಳನ್ನು ಬೆಳಕಿನ ಏರಿಳಿತವಿಲ್ಲದೆಡೆಯಲ್ಲಿಟ್ಟು, ತಾಯಿಯನ್ನು ನಿಯತಕಾಲದಲ್ಲಿ ಅಗಲಿಸಿ ಮತ್ತೆ ಕೂಡಿಸುತ್ತಿದ್ದರು. ಮರಿಗಳ ಗಡಿಯಾರವು ಅವಳ ಬರವು-ಅಗಲಿಕೆಗಳಿಗೇ ಹೊಂದಿಕೊಂಡಿತು. 1985ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಚಂದ್ರಶೇಖರನ್ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ತಮ್ಮ ಸಂಶೋಧನೆಯನ್ನು ಮುಂದುವರಿಸಿದರು.

ಇವೆಲ್ಲ ಇಲಿಗಳ ಮಾತೆಂದು ತಳ್ಳಿಹಾಕುವಂತಿಲ್ಲ. ಅಕಾಲದಲ್ಲಿ ಹುಟ್ಟಿದ ಶಿಶುವಿಗೆ ತಾಯಿಯ ಈ ಸಂಕೇತವು ವಾರಗಳ ಮುಂಚೆಯೇ ಕಡಿದುಹೋಗುತ್ತದೆ. ಅದನ್ನಿಡುವ ಆಸ್ಪತ್ರೆಯ ಕೋಣೆಯಲ್ಲಿ ಬಹುಕಾಲ ಹಗಲಿಗೂ ಇರುಳಿಗೂ ಒಂದೇ ಬೆಳಕು. ಸ್ಕಾಟ್ ರಿವ್‌ಕೀಸ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ ಬಬೂನ್ ಮರಿಗಳ ಗಡಿಯಾರವೂ ಬೆಳಕಿಗೆ ಓಗೊಡುವುದನ್ನು 1999ರಲ್ಲಿ ತೋರಿಸಿದರು. 2004ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದಲ್ಲಿ, ಹಗಲು ಬೆಳಕು ಇರುಳು ಮಂಕು ಎಂಬ ಕ್ರಮದಲ್ಲಿ ಪಾಲಿತವಾದ ಅಕಾಲಜಾತ ಶಿಶುಗಳು, ಎಡೆಬಿಡದೆ ಮಂದಬೆಳಕಿನಲ್ಲಿದ್ದ ಶಿಶುಗಳಿಗಿಂತ ಮೊದಲೇ ಹಗಲಿರುಳನ್ನು ಗುರುತಿಸತೊಡಗಿದುವು.