ಆನೆಗೆ ಹೂಡಿದ ಬಾಣ

ನಮ್ಮ ಕಾವ್ಯಗಳ ಯುದ್ಧಭೂಮಿಯಲ್ಲಿ ಬಾಣ ತಗುಲಿದ ಆನೆಗಳು ಬೆಟ್ಟಗಳಂತೆ ಉರುಳುತ್ತವೆ. ವಾಸ್ತವದಲ್ಲಿ ಅದು ಅಷ್ಟು ಸುಲಭವಲ್ಲ. ಆನೆಯ ಚರ್ಮ ಕೆಲವೆಡೆ ಒಂದು ಅಂಗುಲ ದಪ್ಪವಿರುತ್ತದೆ, ಅದರ ಹಿಂದೆ ಅಗಲವಾದ ಪಕ್ಕೆಲುಬುಗಳ ಗೋಡೆ. ಜಿಂಕೆಯ ದೇಹವನ್ನು ದಾಟಿ ಹೋಗುವ ಬಾಣ ಇಲ್ಲಿ ಚರ್ಮದಲ್ಲೇ ಸಿಕ್ಕಿಕೊಂಡೀತು. ಈ ಕಷ್ಟಕ್ಕೆ ಬಿಲ್ಲುಗಾರರು ಎರಡು ಪರಿಹಾರ ಕಂಡುಕೊಂಡರು: ಒಂದು ಭಾರ, ಇನ್ನೊಂದು ವಿಷ. ಇಪ್ಪತ್ತನೆಯ ಶತಮಾನದ ಆಫ್ರಿಕಾದಲ್ಲಿ ಈ ಎರಡೂ ದಾರಿಗಳು ಒಂದೇ ಕಾಲದಲ್ಲಿದ್ದವು. ಮೊದಲನೆಯದನ್ನು ಕ್ರೀಡೆ ಎಂದು ಕರೆದರು, ಎರಡನೆಯದನ್ನು ಅಪರಾಧ ಎಂದರು. ಹಾಗೆ ಹೆಸರಿಟ್ಟವರು ಯಾರು ಎಂಬ ಪ್ರಶ್ನೆ ನನ್ನನ್ನು ಈ ವಿಷಯಕ್ಕೆ ಎಳೆತಂದಿತು.

ಮೊದಲು ಭಾರದ ಲೆಕ್ಕ. ಇಳಿಜಾರಿನಲ್ಲಿ ಬರುವ ಸೈಕಲ್ಲನ್ನು ಕೈ ಅಡ್ಡ ಹಿಡಿದು ನಿಲ್ಲಿಸಬಹುದು. ಅದೇ ವೇಗದಲ್ಲಿ ಬರುವ ತುಂಬಿದ ಎತ್ತಿನ ಬಂಡಿಯನ್ನು ನಿಲ್ಲಿಸಲಾಗದು. ಬಾಣಕ್ಕೂ ಇದೇ ನಿಯಮ. ಒಂದೇ ಬಿಲ್ಲಿನಿಂದ ಹಗುರ ಬಾಣವನ್ನೂ ಭಾರದ ಬಾಣವನ್ನೂ ಬಿಟ್ಟರೆ ಹಗುರದ್ದು ವೇಗವಾಗಿ ಹೋಗುತ್ತದೆ. ಆದರೆ ಬಿಲ್ಲು ಬಾಗಿದಾಗ ಕೂಡಿಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಳ್ಳುವುದು ಭಾರದ್ದೇ. ಎಲುಬಿಗೆ ತಾಗಿದ ಮೇಲೂ ಅದು ಬೇಗ ನಿಲ್ಲುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆ ದೂರ: ಭಾರದ ಬಾಣ ಬೇಗ ನೆಲಕ್ಕೆ ಬಾಗುತ್ತದೆ, ಆದ್ದರಿಂದ ಬೇಟೆಗಾರ ಪ್ರಾಣಿಯ ತೀರಾ ಹತ್ತಿರ ಹೋಗಲೇಬೇಕು.

ಪಶ್ಚಿಮದ ಬೇಟೆಗಾರರು ಈ ಲೆಕ್ಕವನ್ನು ಮತ್ತೆ ಕಲಿತ ಕಥೆಯಲ್ಲೇ ಒಂದು ಕಹಿ ಇದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬಲ್ಲಿ ಯಾಹಿ ಬುಡಕಟ್ಟಿನ ಒಬ್ಬ ಮನುಷ್ಯ ಒಂಟಿಯಾಗಿ ಕಾಣಿಸಿಕೊಂಡ. ಅವನ ಜನ ಹತ್ಯಾಕಾಂಡಗಳಲ್ಲಿ ಅಳಿದುಹೋಗಿದ್ದರು. ಇಶಿ ಎಂದು ಕರೆಯಲಾದ ಆತ 1916ರಲ್ಲಿ ತೀರಿಕೊಳ್ಳುವ ಮೊದಲು ಸ್ಯಾಕ್ಸ್ಟನ್ ಪೋಪ್ ಎಂಬ ವೈದ್ಯನಿಗೆ ತನ್ನ ಬಿಲ್ಲುವಿದ್ಯೆ ಕಲಿಸಿದ. ಪೋಪ್ 1923ರಲ್ಲಿ ಬರೆದ ಪುಸ್ತಕದಿಂದ ಅಮೆರಿಕದಲ್ಲಿ ಬಿಲ್ಲು ಬೇಟೆಯ ಹವ್ಯಾಸ ಹೊಸದಾಗಿ ಹಬ್ಬಿತು. ಮುಂದೆ ಹೊವರ್ಡ್ ಹಿಲ್ ಬಂದ. 1938ರ ರಾಬಿನ್ ಹುಡ್ ಚಿತ್ರಕ್ಕಾಗಿ ಬಾಣ ಬಿಟ್ಟಿದ್ದ ಈ ಬಿಲ್ಲುಗಾರ ಆಫ್ರಿಕಾಕ್ಕೆ ಹೋಗಿ ಬಾಣದಿಂದ ಆನೆಯನ್ನು ಹೊಡೆದ. ಆ ಬೇಟೆ 1952ರಲ್ಲಿ 'ಟೆಂಬೊ' ಎಂಬ ಸಿನಿಮಾ ಆಗಿ ತೆರೆಗೆ ಬಂತು. 1980ರ ದಶಕದಲ್ಲಿ ಎಡ್ ಆಶ್ಬಿ ಎಂಬ ಅಮೆರಿಕನ್ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಬಾಣಗಳು ಎಷ್ಟು ಆಳ ಇಳಿಯುತ್ತವೆ ಎಂದು ಕ್ರಮಬದ್ಧವಾಗಿ ಪರೀಕ್ಷಿಸಿದ. ಬಾಣ ಎಲ್ಲೂ ಮುರಿಯಬಾರದು, ಬಾಗಬಾರದು. ತೂಕ ಮೂತಿಯ ಕಡೆ ಹೆಚ್ಚಿರಬೇಕು. ಅಲಗು ಉದ್ದವಾಗಿ, ಕಿರಿದಾಗಿ, ಒಂದೇ ಬದಿ ಮಸೆದದ್ದಾಗಿದ್ದರೆ ಅದು ತಿರುಚಿಕೊಂಡು ಎಲುಬನ್ನು ಸೀಳುತ್ತದೆ. ದಪ್ಪ ಎಲುಬು ಒಡೆಯಲು ಬಾಣ ಕನಿಷ್ಠ 650 ಗ್ರೇನ್ ಇರಬೇಕು ಎಂದು ಆತ ಹೇಳಿದ. ನಮ್ಮ ಅಕ್ಕಸಾಲಿಗರ ತೊಲ 180 ಗ್ರೇನ್. ಆ ಲೆಕ್ಕದಲ್ಲಿ ಇದು ಮೂರೂವರೆ ತೊಲಕ್ಕಿಂತ ತುಸು ಹೆಚ್ಚು, ಸುಮಾರು 42 ಗ್ರಾಂ. ಆನೆಗಾಗಿ ಕಟ್ಟುವ ಬಾಣ ಸಾವಿರ ಗ್ರೇನನ್ನೂ ದಾಟುತ್ತದೆ.

ಈಗ ವಿಷದ ದಾರಿ. ಕೀನ್ಯಾದ ಕರಾವಳಿಯ ಹಿಂಬದಿ, ಗಲಾನಾ ನದಿಯ ಸುತ್ತಲಿನ ಒಣಕುರುಚಲಿನಲ್ಲಿ ವಾಟಾ ಎಂಬ ಸಣ್ಣ ಸಮುದಾಯವಿದೆ. ನೆರೆಹೊರೆಯವರು ಅವರನ್ನು ವಲಿಯಾಂಗುಲು ಎಂದೂ ಕರೆದರು. ಅವರ ನೀಳ ಬಿಲ್ಲುಗಳನ್ನು ಎಳೆಯಲು ನೂರು ಪೌಂಡಿಗೂ ಮೀರಿದ ಬಲ ಬೇಕಿತ್ತು; ಇಂಗ್ಲೆಂಡಿನ ಹೆಸರಾಂತ ಯುದ್ಧಬಿಲ್ಲುಗಳ ಸಾಲಿಗೆ ನಿಲ್ಲುವ ಬಲ ಅದು. ಬಾಣದ ಕಬ್ಬಿಣದ ಅಲಗಿನ ಹಿಂದಿನ ಭಾಗಕ್ಕೆ ಕಪ್ಪನೆಯ ವಿಷ ಮೆತ್ತುತ್ತಿದ್ದರು. ಅದು ಬಿಸಿಲಿಗೆ ಒಣಗದಂತೆ, ಕೈಗೆ ತಾಗದಂತೆ ತೆಳು ಚರ್ಮದ ಪಟ್ಟಿ ಸುತ್ತುತ್ತಿದ್ದರು. ಪ್ರತಿ ಬಾಣದ ಮೇಲೂ ಒಡೆಯನ ಗುರುತು ಇರುತ್ತಿತ್ತು. ಬಿದ್ದ ಆನೆ ಯಾರದೆಂಬುದನ್ನು ಆ ಗುರುತು ಹೇಳುತ್ತಿತ್ತು.

ವಿಷ ಬರುತ್ತಿದ್ದುದು ಅಕೊಕ್ಯಾಂಥೆರಾ ಎಂಬ ಗಿಡದಿಂದ. ನಮ್ಮ ಅಂಗಳದ ಕಣಗಿಲೆಯೂ ಇದೇ ಕುಟುಂಬದ್ದು, ಅದರ ವಿಷವೂ ಹೃದಯವನ್ನೇ ಹಿಡಿಯುತ್ತದೆ. ನೆರೆಯ ಗಿರಿಯಾಮಾ ಸಮುದಾಯದ ವಿಷತಜ್ಞರು ಅದರ ಕಟ್ಟಿಗೆಯನ್ನು ಗಂಟೆಗಟ್ಟಲೆ ಕುದಿಸಿ, ಟಾರಿನಂತೆ ಗಟ್ಟಿಯಾಗುವವರೆಗೆ ಇಂಗಿಸಿ ಮಾರುತ್ತಿದ್ದರು. ಹದ ನೋಡುವ ವಿಧಾನ ಪೂರ್ವ ಆಫ್ರಿಕಾದ ಹಲವೆಡೆ ಒಂದೇ: ಮೈಮೇಲೆ ಸಣ್ಣ ಗಾಯ ಮಾಡಿ, ಹರಿದು ಬರುವ ರಕ್ತದ ಕೆಳತುದಿಗೆ ವಿಷ ಮುಟ್ಟಿಸುವುದು. ಕಪ್ಪು ಎಷ್ಟು ಬೇಗ ಮೇಲೇರುತ್ತದೆ ಎಂಬುದೇ ಅಳತೆ. ಗಾಯ ಮುಟ್ಟುವ ಮೊದಲು ಒರೆಸಿಬಿಡಬೇಕು. ಇದರ ಸಾರವಾದ ವಾಬೈನ್ ಹೃದಯದ ಜೀವಕೋಶಗಳ ಲವಣ ವ್ಯವಸ್ಥೆಯನ್ನು ಕೆಡಿಸಿ ಬಡಿತವನ್ನು ನಿಲ್ಲಿಸುತ್ತದೆ. ಹೊಟ್ಟೆಗೆ ಹೋದರೆ ಅದು ಸರಿಯಾಗಿ ಮೈಗೆ ಸೇರುವುದಿಲ್ಲ, ಹಾಗಾಗಿ ಗಾಯದ ಸುತ್ತಲಿನ ಮಾಂಸ ತೆಗೆದು ಉಳಿದದ್ದನ್ನು ತಿನ್ನಬಹುದಿತ್ತು. ಇದೇ ವಾಬೈನನ್ನು ಯುರೋಪಿನ ವೈದ್ಯರು ಹೃದ್ರೋಗಿಗಳಿಗೆ ಔಷಧವಾಗಿ ಕೊಟ್ಟರು. ಎಲುಬು ಒಡೆಯುವ ಹಂಗಿಲ್ಲದ ಬಾಣ ಇದು. ಮಾಂಸಕ್ಕೆ ಇಳಿದರೆ ಸಾಕು, ರಕ್ತವೇ ವಿಷವನ್ನು ಹೃದಯಕ್ಕೆ ಹೊತ್ತೊಯ್ಯುತ್ತದೆ.

1948ರಲ್ಲಿ ವಸಾಹತು ಸರ್ಕಾರ ಇದೇ ನೆಲದಲ್ಲಿ ತ್ಸಾವೊ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಿತು. ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡಿಗೆ ಒಂದೇ ದಿನದಲ್ಲಿ ಗಡಿ ಬಿತ್ತು, ಬೇಟೆಗಾರ ಕಳ್ಳಬೇಟೆಗಾರನಾದ. 1956–57ರಲ್ಲಿ ವಾರ್ಡನ್ ಡೇವಿಡ್ ಶೆಲ್ಡ್ರಿಕ್ ಮತ್ತು ಬಿಲ್ ವುಡ್ಲಿ ನಡೆಸಿದ ಕಾರ್ಯಾಚರಣೆ ವಾಟಾ ಬೇಟೆಯನ್ನು ಮುರಿಯಿತು. ಬಾಣದ ಮೇಲಿನ ಒಡೆಯನ ಗುರುತೇ ಅವನ ವಿರುದ್ಧ ಸಾಕ್ಷಿಯಾಯಿತು. ಗಂಡಸರು ಜೈಲು ಸೇರಿದರು. ಹಿಲ್‌ನ ಸಿನಿಮಾ ತೆರೆಕಂಡು ಆಗ ಐದೇ ವರ್ಷ.

ಹಿಡಿದವರಿಗೂ ಮನಸ್ಸಿನಲ್ಲಿ ಏನೋ ಕೊರೆದಿರಬೇಕು. 1960ರಲ್ಲಿ ಉದ್ಯಾನದ ಪೂರ್ವಕ್ಕೆ ಗಲಾನಾ ಯೋಜನೆ ಶುರುವಾಯಿತು: ಮಿತಿಯೊಳಗೆ ಆನೆಗಳನ್ನು ಹೊಡೆದು, ವಾಟಾ ಜನಕ್ಕೆ ಕಾನೂನಿನೊಳಗೇ ಬದುಕು ಕಟ್ಟಿಕೊಡುವ ಯೋಚನೆ. ಇಯಾನ್ ಪಾರ್ಕರ್ ಅದನ್ನು ನಡೆಸಿದ. ಆದರೆ ಆನೆಗಳನ್ನು ಉರುಳಿಸಿದ್ದು ಬಂದೂಕು; ವಾಟಾಗಳಿಗೆ ಸಿಕ್ಕಿದ್ದು ಕೂಲಿ. ಆ ದಶಕ ಮುಗಿಯುವ ಮೊದಲೇ ಯೋಜನೆ ನಿಂತಿತು. 1970–71ರ ಬರದಲ್ಲಿ ತ್ಸಾವೊದ ಸಾವಿರಾರು ಆನೆಗಳು ಮೇವಿಲ್ಲದೆ ಸತ್ತವು, ನಂತರ ಬಂದೂಕಿನ ಕಳ್ಳಬೇಟೆ ಬಂತು. 1977ರಲ್ಲಿ ಕೀನ್ಯಾ ಎಲ್ಲ ಬಗೆಯ ಶಿಕಾರಿಯನ್ನೂ ನಿಷೇಧಿಸಿತು.

ವಾಟಾಗಳನ್ನು ಕಾಡಿನ ಮುಗ್ಧರೆಂದು ಚಿತ್ರಿಸುವ ಆಸೆ ನನಗಿಲ್ಲ. ಅವರು ದಂತ ಮಾರುತ್ತಿದ್ದರು, ದಲ್ಲಾಳಿಗಳ ಜಾಲ ಕರಾವಳಿಯವರೆಗೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪೂರ್ವ ಆಫ್ರಿಕಾದ ದಂತ ಮುಂಬಯಿಗೆ ಬಂದು ಬಳೆಗಳಾಗುತ್ತಿತ್ತು. ಆ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಹಳಸಿದ ವಿಷ ತಗುಲಿದ ಆನೆ ದಿನಗಟ್ಟಲೆ ನರಳಿ ಸಾಯುತ್ತಿತ್ತು. ಆನೆಯನ್ನು ಉಳಿಸಲು ಹೊರಟ ಶೆಲ್ಡ್ರಿಕ್‌ನ ಸಂಕಟ ಸುಳ್ಳಾಗಿರಲಿಲ್ಲ. ಆದರೆ ಪರವಾನಗಿ ಕೊಂಡವನ ಬಾಣಕ್ಕೂ ಆನೆ ನರಳುತ್ತದೆ. ಕಾನೂನು ನರಳಾಟವನ್ನು ಅಳೆಯಲಿಲ್ಲ, ಪರವಾನಗಿಯನ್ನು ಕೇಳಿತು. ಆ ಪರವಾನಗಿ ಯಾರ ಕೈಗೆಟುಕುವಂತಿತ್ತು ಎಂಬುದೇ ಇಲ್ಲಿನ ಇತಿಹಾಸ.

ಸಂಶೋಧಕಿಯಾಗಿ ನನ್ನನ್ನು ಹೆಚ್ಚು ಕಾಡುವುದು ದಾಖಲೆಗಳ ಸ್ವರೂಪ. ಆಶ್ಬಿಯ ಅಳತೆಗಳು ಅವನದೇ ಬರಹದಲ್ಲಿವೆ, ಬಾಣ ಕಟ್ಟುವವರು ಇಂದಿಗೂ ಅವನ ಹೆಸರು ಹೇಳುತ್ತಾರೆ. ವಾಟಾ ಬಿಲ್ಲಿನ ಬಲ, ಬಾಣದ ರಚನೆ, ವಿಷದ ಹದ ಇವುಗಳ ಬಗ್ಗೆ ನಾವು ಓದಬಹುದಾದದ್ದರಲ್ಲಿ ಬಹುಪಾಲು, ಅವರ ಬೇಟೆಯನ್ನು ನಿಲ್ಲಿಸಲು ಹೋಗಿದ್ದ ಇಲಾಖೆಗಳವರ ನೆನಪಿನಿಂದ ಬಂದದ್ದು. ಪಾರ್ಕರ್ ಅವರಲ್ಲೊಬ್ಬ, ಆತ ಆ ವಿದ್ಯೆಯನ್ನು ಗೌರವದಿಂದಲೇ ಬರೆದ. ಹಾಗಿದ್ದರೂ ಒಂದು ಸಮುದಾಯದ ಜ್ಞಾನ ಅದನ್ನು ಮುಟ್ಟುಗೋಲು ಹಾಕಿಕೊಂಡವರ ಕೈಬರಹದಲ್ಲಿ ಉಳಿದಿದೆ. ವಾಟಾ ಬೇಟೆಗಾರ ತನ್ನ ಕೈಯಾರೆ ಬಿಟ್ಟುಹೋದ ಬರಹವೆಂದರೆ ಬಾಣದ ಮೇಲೆ ಕೆತ್ತಿದ ಆ ಗುರುತು. ಅದನ್ನು ಓದಲು ಕಲಿತ ಹೊರಗಿನವರಲ್ಲಿ ಅವನನ್ನು ಹಿಡಿಯಲು ಬಂದವರೂ ಇದ್ದರು.